ಕರೆಂಟ್ ಬಿಲ್ಲಿನಿಂದಲೇ ಶುರುವಾಗಲಿ

ಪ್ರಶ್ನೆ: ನಾನು ಮಸ್ಕಿಯವಳು. ಲಿಂಗಸುಗೂರು, ಸಿಂಧನೂರು ಕೋರ್ಟುಗಳಲ್ಲಿ ಎರಡು ವರ್ಷದಿಂದ ಹಿರಿಯ ವಕೀಲರ ಬಳಿ ಜೂನಿಯರ್ ಆಗಿದ್ದೇನೆ. ವಿದ್ಯುತ್, ಟೆಲಿಕಾಂ ಕಾನೂನಿನಲ್ಲಿ ಪಳಗುವ ಆಸೆ. ಬೆಂಗಳೂರಿಗೆ ಹೋಗಲೇಬೇಕೇ?

ಉತ್ತರ: ತಂಗಿ, ಮೊದಲ ಮೆಟ್ಟಿಲು ನಿಮ್ಮೂರಿನಲ್ಲೇ ಇದೆ. ಸಿಂಧನೂರಿನ ಅಕ್ಕಿ ಗಿರಣಿಗೂ ಮಸ್ಕಿಯ ರೈತರ ಪಂಪ್‌ಸೆಟ್ಟಿಗೂ ಕರೆಂಟು ಕೊಡುವುದು ಜೆಸ್ಕಾಂ. ಬಿಲ್ಲು, ಮೀಟರಿನ ತಕರಾರಿಗೆ 2003ರ ವಿದ್ಯುಚ್ಛಕ್ತಿ ಕಾಯ್ದೆಯ 42ನೇ ಕಲಂ ಪ್ರಕಾರ ಗ್ರಾಹಕರ ಕುಂದುಕೊರತೆ ವೇದಿಕೆ ಇದೆ. ಅದರ ಮೇಲೆ ಓಂಬುಡ್ಸ್‌ಮನ್. ಅನಧಿಕೃತ ಬಳಕೆಯ ದಾರಿ ಬೇರೆ. 126ನೇ ಕಲಂನ ಆದೇಶದ ವಿರುದ್ಧ 30 ದಿನದೊಳಗೆ, ಅರ್ಧ ಹಣ ಕಟ್ಟಿ, 127ರಡಿ ಮೇಲ್ಮನವಿ ಸಲ್ಲಿಸಬೇಕು. ಕಳ್ಳತನದ ಪ್ರಕರಣ ವಿಶೇಷ ನ್ಯಾಯಾಲಯಕ್ಕೆ ಹೋಗುತ್ತದೆ. ಈ ವ್ಯತ್ಯಾಸ ತಿಳಿಯದೆ ಬಡ ಕಕ್ಷಿದಾರರು ಅವಧಿ ಕಳೆದುಕೊಳ್ಳುವುದು ನೋಡಿದರೆ ಸಂಕಟವಾಗುತ್ತದೆ. ಅವರಿಗೆ ನಿಮ್ಮಂಥವರು ಬೇಕು.

ಮೊಬೈಲ್ ಕಂಪನಿಗಳ ವಿರುದ್ಧದ ದೂರನ್ನು ಗ್ರಾಹಕರ ಆಯೋಗ ವಿಚಾರಿಸಬಹುದೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲೂ ಕೈ ಪಳಗಿಸಿಕೊಳ್ಳಿ.

ಎರಡನೇ ಹಂತ ದರ ನಿಗದಿ. ಜೆಸ್ಕಾಂ ದರ ಪರಿಷ್ಕರಣೆ ಕೋರಿದಾಗ ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕರ ಆಕ್ಷೇಪಣೆ ಕರೆಯುತ್ತದೆ. ಆ ಅರ್ಜಿಯನ್ನು ಪೂರ್ತಿ ಓದಿ, ವಿದ್ಯುತ್ ಖರೀದಿ ವೆಚ್ಚ, ಸೋರಿಕೆ, ಸಬ್ಸಿಡಿಯ ಲೆಕ್ಕ ತಿಳಿದುಕೊಂಡು, ಒಂದು ಆಕ್ಷೇಪಣೆ ನೀವೇ ಬರೆಯಿರಿ. ಈ ಕ್ಷೇತ್ರದಲ್ಲಿ ಕಲಂ ಬಲ್ಲವರು ಅನೇಕರು. ಲೆಕ್ಕವನ್ನೂ ಬಲ್ಲವರು ಕಡಿಮೆ.

ನಿಯಂತ್ರಣ ಆಯೋಗದ ಮುಂದಿನ ವಾದಕ್ಕೆ ಬೆಂಗಳೂರು, ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಗೆ ದೆಹಲಿ ಮುಂದೆ ಬಂದೇ ಬರುತ್ತವೆ. ಆಗ ರೈತರ ಬಿಲ್ಲು ಹಿಡಿದು ಕಲಿತ ಪಾಠವೇ ನಿಮ್ಮ ಬಂಡವಾಳ. ಧೈರ್ಯವಾಗಿ ಹೆಜ್ಜೆ ಇಡಿ.