ತರಕಾರಿ ಮಾರಾಟಕ್ಕೆ ರೈತರ ಜಾಲತಾಣ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಮನೆಗಳಿಗೆ ಹೊಸಕೋಟೆ, ಆನೇಕಲ್ ಕಡೆಯ ಸೊಪ್ಪು, ಟೊಮ್ಯಾಟೊ ಹತ್ತಿರದ ಸರಕು. ಅದನ್ನು ಮಂಡಿ ಸುತ್ತಿಸದೆ ನೇರವಾಗಿ ಮಾರಲು ರೈತ ಸಂಘಗಳು ಸ್ವಂತ ಜಾಲತಾಣ ತೆರೆಯುವುದು ಸೂಕ್ತ.

ಇದಕ್ಕೆ ಯಂತ್ರ ಕೊಳ್ಳಬೇಕಾಗಿಲ್ಲ. ಕ್ಲೌಡ್ ಎಂದರೆ ಬೇರೆಯವರ ಕಂಪ್ಯೂಟರನ್ನು ಅಂತರಜಾಲದ ಮೂಲಕ ಬಾಡಿಗೆಗೆ ಪಡೆಯುವುದು; ಆಲೂಗೆಡ್ಡೆಯನ್ನು ಶೀತಲಗೃಹದಲ್ಲಿಟ್ಟು ಬಾಡಿಗೆ ಕೊಟ್ಟಂತೆ. ಅಮೆಜಾನ್ ಸಂಸ್ಥೆ ಇಂತಹ ಕೇಂದ್ರಗಳನ್ನು 2016ರಲ್ಲಿ ಮುಂಬಯಿಯಲ್ಲಿ, 2022ರಲ್ಲಿ ಹೈದರಾಬಾದಿನಲ್ಲಿ ತೆರೆಯಿತು. ಬಾಡಿಗೆ ಬಳಸಿದಷ್ಟಕ್ಕೆ. ಆದ್ದರಿಂದ ಖರ್ಚು ಮಿತಿ ಮೀರಿದರೆ ತಿಳಿಸುವ ಸೂಚನೆಯನ್ನು ಮೊದಲ ದಿನವೇ ಹಾಕಿಕೊಳ್ಳತಕ್ಕದ್ದು. ಅದು ತಿಳಿಸುತ್ತದೆಯೇ ಹೊರತು ಖರ್ಚನ್ನು ತಾನಾಗಿ ನಿಲ್ಲಿಸುವುದಿಲ್ಲ.

ಬೆಳೆ, ದರ, ದೂರವಾಣಿ ಸಂಖ್ಯೆ ತೋರಿಸುವ ಸ್ಥಿರ ಪುಟಗಳಿಂದ ಆರಂಭಿಸಿರಿ. ಖರ್ಚು ಅತ್ಯಲ್ಪ, ಕೆಡುವುದೂ ಕಡಿಮೆ. ಹಣ ಪಡೆಯಲು ಸದ್ಯಕ್ಕೆ ಯುಪಿಐ ಸಾಕು.

ಹೆಚ್ಚಿನ ಎಚ್ಚರ ಬೇಕಾದುದು ವಿಳಾಸದ ವಿಷಯದಲ್ಲಿ. ಜಾಲತಾಣದ ವಿಳಾಸವೆಂದರೆ ಜಮೀನಿನ ಪಹಣಿ ಇದ್ದಂತೆ. ಯಾರ ಹೆಸರಿನಲ್ಲಿದೆ ಎಂಬುದೇ ಮುಖ್ಯ. ತಾಣ ಕಟ್ಟಿಕೊಟ್ಟ ಹುಡುಗನ ಹೆಸರಿನಲ್ಲಿ ನೋಂದಣಿಯಾಗಿದ್ದರೆ ನವೀಕರಣದ ಸೂಚನೆಗಳೆಲ್ಲ ಅವನಿಗೇ ಹೋಗುತ್ತವೆ. ಅವನು ಕೆಲಸ ಸಿಕ್ಕಿ ಊರು ಬಿಟ್ಟನೆನ್ನಿ. ಅವಧಿ ಮುಗಿದ ವಿಳಾಸವನ್ನು ಯಾರು ಬೇಕಾದರೂ ಕೊಳ್ಳಬಹುದು. ನಿಮ್ಮ ಗಿರಾಕಿ ಅಲ್ಲಿಗೇ ಹೋಗಿ ಹಣ ಕಟ್ಟಿಯಾನು! ವಿಳಾಸ, ಕ್ಲೌಡ್ ಖಾತೆ ಎರಡೂ ಸಂಘದ ಹೆಸರಿನಲ್ಲಿ, ಸಂಘದ್ದೇ ಇ-ಮೇಲ್ ಮತ್ತು ದೂರವಾಣಿ ಸಂಖ್ಯೆಯಲ್ಲಿ ಇರಬೇಕು. ಖಾತೆ ತೆರೆಯುವ ಕ್ರಮ ಇಬ್ಬರು ಪದಾಧಿಕಾರಿಗಳಿಗಾದರೂ ಗೊತ್ತಿರಲಿ.

ಸೊಪ್ಪಿನ ದರವನ್ನು ಪ್ರತಿ ಸಂಜೆ ತಿದ್ದಿ, ಮರುದಿನ ಕೊಯ್ಯುವಷ್ಟಕ್ಕೆ ಮಾತ್ರ ಬೇಡಿಕೆ ಪಡೆಯಿರಿ.