ಹಳೆಯ ಬಣ್ಣದ ಟೆಲಿವಿಷನ್ ಪೆಟ್ಟಿಗೆಗಳು

ಅಂಚೆಚೀಟಿ ಕೂಡಿಸುವವರನ್ನು ನಾವೆಲ್ಲರೂ ಬಲ್ಲೆವು. ಹಳೆಯ ನಾಣ್ಯ, ಬೆಂಕಿಪೊಟ್ಟಣದ ಚಿತ್ರ, ಗ್ರಾಮಫೋನಿನ ತಟ್ಟೆ ಇವುಗಳ ಬೆನ್ನು ಹತ್ತಿದವರೂ ನಮ್ಮ ನಡುವೆ ಉಂಟು. ಇವೆಲ್ಲ ಒಂದು ಟ್ರಂಕಿನಲ್ಲಿಟ್ಟು ಮಂಚದ ಕೆಳಗೆ ತಳ್ಳಬಹುದಾದ ಹವ್ಯಾಸಗಳು. ಒಂದೇ ಖೋಲಿಯಲ್ಲಿ ನಾಲ್ವರು ಕೂಡಿ ಬಾಳುವ ನಮ್ಮಂಥವರಿಗೆ ಒಗ್ಗತಕ್ಕವು. ಆದರೆ ಒಬ್ಬನಿಂದ ಎತ್ತಲಾಗದಂಥ, ಅರುವತ್ತು ಎಪ್ಪತ್ತು ವರ್ಷಗಳ ಹಿಂದಿನ ಬಣ್ಣದ ಟೆಲಿವಿಷನ್ ಪೆಟ್ಟಿಗೆಗಳನ್ನು ಹುಡುಕಿ ತಂದು, ತಿಂಗಳುಗಟ್ಟಲೆ ರಿಪೇರಿ ಮಾಡಿ, ಒಂದು ಸಂಜೆ ಅದರಲ್ಲಿ ಚಿತ್ರ ಮೂಡಿತೆಂದರೆ ಮನೆಯಲ್ಲಿ ಮಗು ಹುಟ್ಟಿದಷ್ಟು ಸಂಭ್ರಮಪಡುವ ಜನರೂ ಇದ್ದಾರೆ. ಅಮೆರಿಕದಲ್ಲಿ ಇಂಥವರು ಹೆಚ್ಚು. ಅಲ್ಲಿಯ ಓಹಾಯೊ ರಾಜ್ಯದ ಹಿಲಿಯರ್ಡ್ ಎಂಬ ಊರಿನಲ್ಲಿ ಹಳೆಯ ಟೆಲಿವಿಷನ್ನುಗಳಿಗಾಗಿಯೇ ಒಂದು ಮ್ಯೂಸಿಯಂ ಏರ್ಪಟ್ಟಿತು. ಇವರು ಕೂಡಿಸುವುದೇನು, ಅದರಲ್ಲಿ ಸೊಗಸೇನು, ತೊಡಕೇನು ಎಂಬುದನ್ನು ಈ ಸಲದ ಪಾಠದಲ್ಲಿ ನೋಡೋಣ.

ಮೊದಲು ಬಣ್ಣ ಮೂಡುವ ಬಗೆ. ಚುಕ್ಕಿ ರಂಗೋಲಿಯನ್ನು ನೆನೆಯಿರಿ. ಹಳೆಯ ಬಣ್ಣದ ಟೆಲಿವಿಷನ್ನಿನ ಗಾಜಿನ ಒಳಮೈಯಲ್ಲಿ ಲಕ್ಷಾಂತರ ಚುಕ್ಕಿಗಳಿರುತ್ತವೆ; ಕೆಂಪು, ಹಸುರು, ನೀಲಿ ಎಂದು ಮೂರು ಮೂರರ ಗುಂಪು. ಪಿಕ್ಚರ್ ಟ್ಯೂಬಿನ ಹಿಂಭಾಗದ ಕೊರಳಿನಲ್ಲಿ ಮೂರು ಗನ್‌ಗಳಿದ್ದು, ಒಂದೊಂದೂ ಒಂದೊಂದು ಬಣ್ಣದ ಚುಕ್ಕಿಗೆ ಮಾತ್ರ ಇಲೆಕ್ಟ್ರಾನ್ ಕಣಗಳ ಧಾರೆಯನ್ನು ಬಿಡಬೇಕು. ಕೆಂಪಿನ ಧಾರೆ ಹಸುರಿನ ಚುಕ್ಕಿಗೆ ತಗಲಬಾರದು. ಇದನ್ನು ಸಾಧಿಸಲು ಚುಕ್ಕಿಗಳ ಹಿಂದೆ ಜರಡಿಯಂಥ ತೂತಿನ ತಗಡೊಂದನ್ನು ನಿಲ್ಲಿಸುತ್ತಾರೆ. ಮೂರು ಧಾರೆಗಳೂ ಬೇರೆ ಬೇರೆ ಓರೆಯಿಂದ ಒಂದೇ ತೂತಿನೊಳಗೆ ನುಸುಳಿ, ಆಚೆ ಕಡೆ ತಮ್ಮ ತಮ್ಮ ಚುಕ್ಕಿಗೇ ಬಡಿಯುತ್ತವೆ. ಕೆಂಪೂ ಹಸುರೂ ಒಟ್ಟಿಗೆ ಉರಿದರೆ ಕಣ್ಣಿಗೆ ಹಳದಿ; ಮೂರೂ ಉರಿದರೆ ಬಿಳಿ. ಬಣ್ಣದ ಪುಡಿಗಳನ್ನು ಕಲೆಸಿದಂತಲ್ಲ ಇದು, ಬೆಳಕನ್ನು ಕಲೆಸುವ ಲೆಕ್ಕ. ಯಾರ ಮನೆಯಲ್ಲಾದರೂ ಹಳೆಯ ಡಬ್ಬದಂಥ ಕಲರ್ ಟಿ.ವಿ. ಇನ್ನೂ ಇದ್ದರೆ, ಪರದೆಯ ಮೇಲೆ ಬೆರಳ ತುದಿಯಿಂದ ಒಂದು ಹನಿ ನೀರು ತಾಗಿಸಿ ನೋಡಿ. ಹನಿಯೇ ಭೂತಕನ್ನಡಿಯಾಗಿ ಚುಕ್ಕಿಗಳನ್ನೋ ಗೆರೆಗಳನ್ನೋ ತೋರಿಸುತ್ತದೆ.

ಈ ಉಪಾಯ ನೆಲೆಗೊಳ್ಳುವ ಮೊದಲು ಇನ್ನೊಂದು ಉಪಾಯದ ಆಟ ನಡೆದಿತ್ತು. ಸ್ಕಾಟ್ಲೆಂಡಿನ ಜಾನ್ ಲೋಗಿ ಬೇರ್ಡ್ ೧೯೨೮ರಲ್ಲಿಯೇ ತಿರುಗುವ ತಟ್ಟೆಯಿಂದ ಬಣ್ಣದ ಚಿತ್ರ ಕಳಿಸಿ ತೋರಿಸಿದ್ದನು. ಅಮೆರಿಕದ ಸಿ.ಬಿ.ಎಸ್. ಸಂಸ್ಥೆಯ ಪೀಟರ್ ಗೋಲ್ಡ್‌ಮಾರ್ಕ್ ಆ ದಾರಿಯಲ್ಲೇ ಮುಂದುವರಿದು, ಪರದೆಯ ಮುಂದೆ ಬಣ್ಣದ ಗಾಜುಹಾಳೆಗಳ ಚಕ್ರವೊಂದನ್ನು ಮಿನಿಟಿಗೆ ೧,೪೪೦ ಸುತ್ತಿನಂತೆ ತಿರುಗಿಸುವ ಪದ್ಧತಿಯನ್ನು ರೂಪಿಸಿದನು. ೧೯೫೦ರ ಅಕ್ಟೋಬರಿನಲ್ಲಿ ಅಲ್ಲಿಯ ಸರಕಾರಿ ಮಂಡಲಿ ಇದಕ್ಕೇ ಒಪ್ಪಿಗೆ ಕೊಟ್ಟಿತು. ೧೯೫೧ರ ಜೂನ್ ೨೫ರಂದು ಪ್ರಸಾರವೂ ಆರಂಭವಾಯಿತು. ಬಣ್ಣವೇನೋ ಅಂದವಾಗಿಯೇ ಬರುತ್ತಿತ್ತಂತೆ. ಆದರೆ ಆಗ ಜನರ ಮನೆಗಳಲ್ಲಿ ಇದ್ದ ಸುಮಾರು ಒಂದು ಕೋಟಿ ಕಪ್ಪು-ಬಿಳುಪು ಪೆಟ್ಟಿಗೆಗಳಲ್ಲಿ ಆ ಪ್ರಸಾರ ಕಾಣಿಸುತ್ತಲೇ ಇರಲಿಲ್ಲ! ಅದೇ ಅಕ್ಟೋಬರಿನಲ್ಲಿ, ಕೊರಿಯಾ ಯುದ್ಧಕ್ಕೆ ಸಾಮಗ್ರಿ ಬೇಕೆಂಬ ಕಾರಣದಿಂದ, ಎಲ್ಲವೂ ನಿಂತುಹೋಯಿತು. ಆ ಚಕ್ರದ ಪೆಟ್ಟಿಗೆ ಇಂದು ಸಂಗ್ರಾಹಕನ ಕೈಗೆ ಸಿಕ್ಕಿತೆಂದರೆ ಅವನು ಆ ರಾತ್ರಿ ನಿದ್ದೆ ಮಾಡಲಾರ.

ಗೆದ್ದದ್ದು ಆರ್.ಸಿ.ಎ. ಕಂಪೆನಿಯ ತೂತಿನ ತಗಡು. ಅದಕ್ಕೆ ಸೇರಿಸಿದ ಪ್ರಸಾರಪದ್ಧತಿಯ ಜಾಣತನವನ್ನು ಗುಮಾಸ್ತೆಯ ಮಾತಿನಲ್ಲಿ ಹೀಗೆ ಹೇಳಬಹುದು: ಒಂದೇ ಲಕೋಟೆಯಲ್ಲಿ ಎರಡು ಕಾಗದ. ಮೊದಲನೆಯದರಲ್ಲಿ ಚಿತ್ರದ ಬೆಳಕು-ನೆರಳಿನ ವಿವರ, ಎರಡನೆಯದರಲ್ಲಿ ಬಣ್ಣದ ವಿವರ. ಕಪ್ಪು-ಬಿಳುಪಿನ ಪೆಟ್ಟಿಗೆ ಮೊದಲನೆಯದನ್ನು ಮಾತ್ರ ಓದಿಕೊಳ್ಳುತ್ತದೆ. ಬಣ್ಣದ ಪೆಟ್ಟಿಗೆ ಎರಡನ್ನೂ ಓದುತ್ತದೆ. ಹಳೆಯ ಪೆಟ್ಟಿಗೆಯವನಿಗೆ ನಷ್ಟವಿಲ್ಲ. ಎನ್.ಟಿ.ಎಸ್.ಸಿ. ಎಂಬ ಹೆಸರಿನ ಈ ಪದ್ಧತಿಗೆ ೧೯೫೩ರ ಡಿಸೆಂಬರ್ ೧೭ರಂದು ಮಂಜೂರಾತಿ ದೊರೆಯಿತು. ೧೯೫೪ರ ಜನವರಿ ೧ರಂದು ಕ್ಯಾಲಿಫೋರ್ನಿಯಾದ ಗುಲಾಬಿ ಹೂವಿನ ಮೆರವಣಿಗೆಯನ್ನು ದೇಶದ ಹಲವು ನಗರಗಳಿಗೆ ಬಣ್ಣದಲ್ಲಿ ಕಳಿಸಿದರು.

ಅದೇ ೧೯೫೪ರ ಮಾರ್ಚಿಯಲ್ಲಿ ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್ ಕಾರ್ಖಾನೆಯಿಂದ ಹೊರಬಂದ ಆರ್.ಸಿ.ಎ. ಸಿ.ಟಿ.-೧೦೦ ಎಂಬ ಪೆಟ್ಟಿಗೆಯೇ ಇಂದಿನ ಸಂಗ್ರಾಹಕರ ಕಣ್ಮಣಿ. ವೆಸ್ಟಿಂಗ್‌ಹೌಸ್ ಕಂಪೆನಿ ಕೆಲವು ವಾರ ಮೊದಲೇ ತನ್ನದನ್ನು ಅಂಗಡಿಗೆ ತಂದಿದ್ದರೂ ಅದನ್ನು ಕೊಂಡವರು ಬೆರಳೆಣಿಕೆಯವರು. ಸಿ.ಟಿ.-೧೦೦ರ ಬೆಲೆ ಒಂದು ಸಾವಿರ ಡಾಲರು. ಆ ಕಾಲದಲ್ಲಿ ಸಾಧಾರಣ ಹೊಸ ಮೋಟಾರು ಕಾರಿನ ಬೆಲೆಯಲ್ಲಿ ಅರ್ಧಕ್ಕೂ ಮೀರಿದ ಹಣ. ಇಷ್ಟು ತೆತ್ತವನಿಗೆ ದೊರೆಯುತ್ತಿದ್ದುದು ಹನ್ನೊಂದೂವರೆ ಅಂಗುಲ ಅಗಲದ ಚಿತ್ರ, ಮೂವತ್ತಕ್ಕೂ ಮಿಕ್ಕ ವಾಲ್ವುಗಳ ಶಾಖ, ಮತ್ತು ವಾರದಲ್ಲಿ ಕೆಲವೇ ತಾಸು ಬಣ್ಣದ ಕಾರ್ಯಕ್ರಮ. ವ್ಯಾಪಾರ ಸಾಗಲಿಲ್ಲ. ಆಗಸ್ಟಿನ ಹೊತ್ತಿಗೆ ಬೆಲೆಯನ್ನು ೪೯೫ ಡಾಲರಿಗೆ ಇಳಿಸಿದರು. ಒಟ್ಟು ತಯಾರಾದದ್ದು ನಾಲ್ಕೈದು ಸಾವಿರ ಮಾತ್ರ. ಉಳಿದಿರುವುದು ಬಹು ಸ್ವಲ್ಪ.

ಉಳಿದವುಗಳಲ್ಲಿಯೂ ಚಿತ್ರ ಬರುವಂಥವು ಇನ್ನೂ ಕಡಿಮೆ. ಇದಕ್ಕೆ ಕಾರಣವನ್ನು ಸ್ವಲ್ಪ ನಿಧಾನವಾಗಿ ತಿಳಿಯಬೇಕು, ಏಕೆಂದರೆ ಈ ಹವ್ಯಾಸದ ದುಃಖವೆಲ್ಲ ಇಲ್ಲಿದೆ. ಸಿ.ಟಿ.-೧೦೦ರ ಪಿಕ್ಚರ್ ಟ್ಯೂಬಿನ ಹೆಸರು ೧೫ಜಿ.ಪಿ.೨೨. ಅದರಲ್ಲಿ ಚುಕ್ಕಿಗಳು ಮುಂಭಾಗದ ಗಾಜಿಗೆ ಅಂಟಿಲ್ಲ. ಚಪ್ಪಟೆಯಾದ ಬೇರೊಂದು ಗಾಜಿನ ತಟ್ಟೆಯ ಮೇಲಿವೆ. ಆ ತಟ್ಟೆಯನ್ನೂ ತೂತಿನ ತಗಡನ್ನೂ ಒಟ್ಟಿಗೆ ಒಳಗಿಟ್ಟು ಮುಚ್ಚಬೇಕಾಗಿದ್ದುದರಿಂದ, ಟ್ಯೂಬಿನ ಹೊಟ್ಟೆಯ ಸುತ್ತ ಲೋಹದ ಬಳೆಗಳನ್ನು ಕೂಡಿಸಿ ಬೆಸೆದರು. ಗಾಜಿಗೂ ಲೋಹಕ್ಕೂ ಸೇರುವ ಆ ಅಂಚಿನಲ್ಲಿಯೇ ಕೇಡು. ಒಳಗೆ ಗಾಳಿ ಎಂಬುದು ಇರಲೇಬಾರದು. ಇದ್ದರೆ ಇಲೆಕ್ಟ್ರಾನ್ ಧಾರೆ ಸಾಗದು. ಆದರೆ ವರ್ಷ ವರ್ಷವೂ ಆ ಅಂಚಿನಿಂದ ಗಾಳಿ ಕಣಕಣವಾಗಿ ಒಳಗೆ ಸೇರುತ್ತಲೇ ಇರುತ್ತದೆ. ಪೆಟ್ಟಿಗೆಯನ್ನು ಉಪಯೋಗಿಸಿದರೂ ಸರಿ, ಮುಚ್ಚಿಟ್ಟರೂ ಸರಿ. ನಾಣ್ಯ ಸಂಗ್ರಾಹಕನು ನಾಣ್ಯವನ್ನು ಡಬ್ಬಿಯಲ್ಲಿಟ್ಟು ನಿಶ್ಚಿಂತನಾಗಬಹುದು. ಇವರದು ಹಾಗಲ್ಲ. ಜೋಪಾನವಾಗಿ ಇಟ್ಟದ್ದೂ ಸಾಯುತ್ತದೆ.

ಸತ್ತಿದೆಯೋ ಬದುಕಿದೆಯೋ ಎಂದು ತಿಳಿಯಲು ಒಂದು ಗುರುತುಂಟು. ವಾಲ್ವುಗಳ ಗಾಜಿನ ಒಳಗೂ ಪಿಕ್ಚರ್ ಟ್ಯೂಬಿನ ಕೊರಳಿನಲ್ಲೂ ಕನ್ನಡಿಯಂತೆ ಹೊಳೆಯುವ ಬೆಳ್ಳಿಬಣ್ಣದ ಲೇಪವಿರುತ್ತದೆ. ಅಳಿದುಳಿದ ಗಾಳಿಯನ್ನು ಹೀರುವುದಕ್ಕಾಗಿ ಹಾಕಿದ ಬೇರಿಯಂ ಅದು. ಗಾಳಿ ನುಗ್ಗಿದರೆ ಆ ಹೊಳಪು ಹೋಗಿ ಹಾಲಿನಂತೆ ಬೆಳ್ಳಗಾಗುತ್ತದೆ. ಪೆಟ್ಟಿಗೆ ಕೊಳ್ಳಹೋದವನು ಮರದ ಮೆರುಗನ್ನು ನೋಡುವ ಮೊದಲು ಟಾರ್ಚು ಹಿಡಿದು ಇದನ್ನು ನೋಡುವುದು ಲೇಸು. ಟ್ಯೂಬಿನ ಕೊರಳು ಕತ್ತರಿಸಿ, ಹೊಸ ಗನ್ ಕೂಡಿಸಿ, ಮತ್ತೆ ಗಾಳಿ ಹೀರಿ ಮುಚ್ಚಿಕೊಡುವ ಕಾರ್ಖಾನೆಗಳು ಹಿಂದೆ ಅಮೆರಿಕದಲ್ಲಿ ಬೇಕಾದಷ್ಟಿದ್ದವು. ಅಯೋವಾ ರಾಜ್ಯದ ಡೆ ಮಾಯಿನ್ ನಗರದಲ್ಲಿ ಉಳಿದಿದ್ದ ಹಾಕ್-ಐ ಎಂಬುದು ೨೦೧೦ರಲ್ಲಿ ಮುಚ್ಚಿತು. ಅದರ ಯಂತ್ರಗಳನ್ನು ಹಿಲಿಯರ್ಡಿನ ಮ್ಯೂಸಿಯಂ ಕೊಂಡುಕೊಂಡಿತು. ಯಂತ್ರವನ್ನು ಕೊಳ್ಳಬಹುದು, ನಲವತ್ತು ವರ್ಷ ಆ ಬೆಂಕಿಯ ಮುಂದೆ ನಿಂತವನ ಕೈಯನ್ನು ಕೊಳ್ಳುವುದೆಂತು?

ಮುಂದಿನ ಪೆಟ್ಟಿಗೆಗಳು ಅಷ್ಟು ಸುಕುಮಾರವಲ್ಲ. ೧೯೫೪ರ ಕೊನೆಯಿಂದ ಇಪ್ಪತ್ತೊಂದು ಅಂಗುಲದ ದುಂಡು ಟ್ಯೂಬುಗಳು ಬಂದವು. ಮೊದಲು ಲೋಹದ ಹೊಟ್ಟೆಯವು, ೧೯೫೭ರ ಬಳಿಕ ಪೂರ್ತಿ ಗಾಜಿನವು. ಈ ದುಂಡು ಮುಖದ ಪೆಟ್ಟಿಗೆಗಳು ಹತ್ತು ವರ್ಷಕ್ಕೂ ಮೀರಿ ನಡೆದುದರಿಂದ ಸಾಧಾರಣ ಸಂಗ್ರಾಹಕನಿಗೂ ಸಿಗುತ್ತವೆ. ಅಮೆರಿಕದಲ್ಲಿ ಎನ್.ಬಿ.ಸಿ. ಪ್ರಸಾರಸಂಸ್ಥೆ ಆರ್.ಸಿ.ಎ.ಯ ಸ್ವಂತದ್ದೇ ಆಗಿದ್ದಿತು. ೧೯೫೯ರಲ್ಲಿ ಅದು 'ಬೊನಾಂಜಾ' ಎಂಬ ಕುದುರೆ ಸವಾರರ ಕಥೆಯನ್ನು ಬಣ್ಣದಲ್ಲಿ ಆರಂಭಿಸಿದುದರಲ್ಲಿ ಪೆಟ್ಟಿಗೆ ಮಾರುವ ಆಸೆಯೂ ಸೇರಿತ್ತು. ೧೯೬೪ರಲ್ಲಿ ಯೂರೋಪಿಯಂ ಎಂಬ ಧಾತುವಿನಿಂದ ಪ್ರಖರವಾದ ಕೆಂಪು ಚುಕ್ಕಿ ಮಾಡಲು ಕಲಿತರು, ಚಿತ್ರ ಬೆಳಗಿತು. ೧೯೬೮ರಲ್ಲಿ ಜಪಾನಿನ ಸೋನಿ ಕಂಪೆನಿ ತೂತುಗಳ ಬದಲು ಉದ್ದುದ್ದ ಸೀಳುಗಳಿರುವ ಟ್ರಿನಿಟ್ರಾನನ್ನು ತಂದಿತು. ಆದರೂ ಹಳಬರು ಹೇಳುವುದೇನೆಂದರೆ, ಮೊದಲ ಟ್ಯೂಬುಗಳ ಕೆಂಪು ಹಸುರುಗಳಲ್ಲಿದ್ದ ಆಳ ಮುಂದಿನವುಗಳಲ್ಲಿಲ್ಲ ಎಂದು. ಇದು ಬರಿಯ ಮೋಹದ ಮಾತಲ್ಲ. ಬೆಳಕು ಹೆಚ್ಚಿಸುವುದಕ್ಕಾಗಿ ಬಣ್ಣದ ಹರವನ್ನು ನಿಜವಾಗಿಯೂ ಕುಗ್ಗಿಸಿದರು. ಆದುದರಿಂದ ಕತ್ತಲೆಯ ಕೋಣೆಯಲ್ಲಿ ಕುಳಿತು ನೋಡುವುದೇ ಇವರ ರಸಿಕತೆ.

ಮುದಿತನದ ರೋಗಗಳೂ ಇವೆ. ಅರುವತ್ತರ ದಶಕದ ಟ್ಯೂಬುಗಳಲ್ಲಿ ಮುಖದ ಮೇಲೆ ಇನ್ನೊಂದು ರಕ್ಷಣೆಯ ಗಾಜನ್ನು ಅಂಟಿನಿಂದ ಕೂಡಿಸುತ್ತಿದ್ದರು. ಆ ಅಂಟು ಕೊಳೆತು ಅಂಚಿನಿಂದ ಬಿಳಿಯ ಮಚ್ಚೆಗಳು ಹಬ್ಬುತ್ತವೆ. ಸಂಗ್ರಾಹಕರು ಇದನ್ನು ಕಣ್ಣಿನ ಪೊರೆ ಎಂದೇ ಕರೆಯುತ್ತಾರೆ. ಮೆಲ್ಲನೆ ಕಾಯಿಸಿ ಅಂಟು ಸಡಿಲಿಸಿ ಪೊರೆ ತೆಗೆಯುವುದೂ ವೈದ್ಯರ ಕೆಲಸದಂತೆಯೇ ತಾಳ್ಮೆ ಬೇಡುವಂಥದು. ಇನ್ನು ಮೂರು ಧಾರೆಗಳು ಒಂದೇ ಜಾಗದಲ್ಲಿ ಕೂಡದಿದ್ದರೆ, ಅಗ್ಗದ ಕ್ಯಾಲೆಂಡರಿನಲ್ಲಿ ಅಚ್ಚು ಸರಿದು ದೇವರಿಗೆ ಎರಡು ತುಟಿ ಮೂಡಿದಂತೆ ಕಾಣುತ್ತದೆ. ಇದನ್ನು ಸರಿಪಡಿಸಲು ಹತ್ತು ಹನ್ನೆರಡು ತಿರುಪುಗಳುಂಟು. ಒಂದನ್ನು ತಿರುಗಿಸಿದರೆ ಇನ್ನೊಂದು ಕೆಡುವುದು ಇವುಗಳ ಸ್ವಭಾವ.

ಹಳೆಯ ಪೆಟ್ಟಿಗೆ ಸಿಕ್ಕೊಡನೆ 'ಹತ್ತುತ್ತದೋ ನೋಡೋಣ' ಎಂದು ಪ್ಲಗ್ಗು ಚುಚ್ಚುವವರಿಗೆ ನಮ್ಮ ಸಮ್ಮತಿಯಿಲ್ಲ. ಒಳಗಿನ ಕಾಗದದ ಕಂಡೆನ್ಸರುಗಳು ಇಷ್ಟು ಹೊತ್ತಿಗೆ ಸೋರುತ್ತಿರುತ್ತವೆ; ಅವುಗಳಿಂದಾಗಿ ಹೈವೋಲ್ಟೇಜ್ ಟ್ರಾನ್ಸ್‌ಫಾರ್ಮರ್ ಸುಟ್ಟಿತೋ, ಅದಕ್ಕೆ ಬದಲಿ ಸಿಗುವುದು ಬಲು ಕಷ್ಟ. ಕಂಡೆನ್ಸರುಗಳನ್ನು ಮೊದಲು ಬದಲಿಸಿ, ವೋಲ್ಟೇಜನ್ನು ಮೆಟ್ಟಲು ಮೆಟ್ಟಲಾಗಿ ಏರಿಸುವುದೇ ಕ್ರಮ. ಕೆಲವರು ಹಳೆಯ ಕಂಡೆನ್ಸರಿನ ಸಿಪ್ಪೆ ಉಳಿಸಿ, ಒಳಗಿನದನ್ನು ಬಗೆದು, ಹೊಸದನ್ನು ಅದರ ಹೊಟ್ಟೆಯಲ್ಲಿ ಅಡಗಿಸಿಡುತ್ತಾರೆ. ನೋಡುವವನಿಗೆ ೧೯೫೪ರದೇ ಕಾಣುತ್ತದೆ. ಇದು ಮೋಸವೆಂದು ವಾದಿಸುವವರಿದ್ದಾರೆ. ಒಡೆಯನು ಬರೆದಿಟ್ಟರೆ ಮೋಸವಲ್ಲವೆಂದು ನಮ್ಮ ಮತ.

ಪೆಟ್ಟಿಗೆ ಸರಿಯಾದ ಮೇಲೆ ಅದನ್ನು ನಡೆಸಬೇಕೇ, ಸುಮ್ಮನೆ ಇಡಬೇಕೇ ಎಂಬ ಜಗಳವೂ ಉಂಟು. ನಡೆಸಿದರೆ ಗನ್ ಸವೆಯುತ್ತದೆ. ನಡೆಸದಿದ್ದರೆ ಅದು ಬೀರುವಿನಂತೆ ಒಂದು ಮರದ ಸಾಮಾನು. ಅಪರೂಪದ್ದನ್ನು ವರ್ಷಕ್ಕೆ ಕೆಲವೇ ಸಂಜೆ, ನಾಲ್ಕು ಜನರನ್ನು ಕರೆದು ನಡೆಸುವವರ ದಾರಿಯೇ ನಮಗೆ ಮೆಚ್ಚು. ಅಮೆರಿಕದ ದೊಡ್ಡ ಕೇಂದ್ರಗಳ ಹಳೆಯ ಪ್ರಸಾರ ೨೦೦೯ರ ಜೂನ್ ೧೨ರಂದು ನಿಂತದ್ದರಿಂದ, ಆಂಟೆನಾದ ತಂತಿಗೆ ಈಗ ಒಂದು ಚಿಕ್ಕ ಮಾಡ್ಯುಲೇಟರ್ ಪೆಟ್ಟಿಗೆ ಜೋಡಿಸಿ ಚಿತ್ರ ಒದಗಿಸುತ್ತಾರೆ.

ಅಪಾಯದ ಮಾತನ್ನು ಇಲ್ಲಿ ಹೇಳದೆ ಬಿಡಲಾಗದು. ಈ ಟ್ಯೂಬುಗಳಿಗೆ ಇಪ್ಪತ್ತರಿಂದ ಇಪ್ಪತ್ತೈದು ಸಾವಿರ ವೋಲ್ಟು ಬೇಕು. ಪ್ಲಗ್ಗು ಕಿತ್ತ ಮೇಲೂ ಟ್ಯೂಬು ತಾನೇ ಕಂಡೆನ್ಸರಿನಂತೆ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತದೆ. ಲೋಹದ ಹೊಟ್ಟೆಯ ಟ್ಯೂಬಿನಲ್ಲಂತೂ ಆ ಹೊಟ್ಟೆಯೇ ಅಷ್ಟು ವೋಲ್ಟಿನಲ್ಲಿರುತ್ತದೆ. ಒಳಗೆ ಗಾಳಿಯಿಲ್ಲದ ಕಾರಣ ಗಾಜು ಒಡೆದರೆ ಚೂರುಗಳು ಒಳಕ್ಕೆ ನುಗ್ಗಿ ಎಲ್ಲ ಕಡೆಗೂ ಸಿಡಿಯುತ್ತವೆ. ಹೈವೋಲ್ಟೇಜ್ ವಾಲ್ವುಗಳ ಸುತ್ತ ಇರುವ ತಗಡಿನ ಗೂಡನ್ನು ತೆಗೆದು ನಡೆಸಲೂ ಕೂಡದು. ೧೯೬೭ರಲ್ಲಿ ಜನರಲ್ ಇಲೆಕ್ಟ್ರಿಕ್ ಕಂಪೆನಿಯ ಕೆಲವು ಬಣ್ಣದ ಪೆಟ್ಟಿಗೆಗಳಿಂದ ಎಕ್ಸ್-ರೇ ಹೊರಸೂಸುವುದು ಕಂಡುಬಂದು, ಮಾರನೆಯ ವರ್ಷ ಅಮೆರಿಕ ಅದಕ್ಕಾಗಿ ಕಾನೂನನ್ನೇ ಮಾಡಿತು. ಕೈಕೆಲಸ ಬಲ್ಲವನ ಜೊತೆಯಿಲ್ಲದೆ ಹಿಂಬದಿಯ ಮುಚ್ಚಳ ತೆಗೆಯಬೇಡಿ.

ನಮ್ಮ ದೇಶಕ್ಕೆ ಬಣ್ಣ ಬಂದದ್ದು ೧೯೮೨ರ ಆಗಸ್ಟ್ ೧೫ರಂದು. ಅದೇ ನವೆಂಬರಿನಲ್ಲಿ ದೆಹಲಿಯ ಏಷ್ಯನ್ ಕ್ರೀಡೆಗಳು. ನಾವು ಆರಿಸಿಕೊಂಡದ್ದು ಜರ್ಮನಿಯ ವಾಲ್ಟರ್ ಬ್ರುಖ್ ರೂಪಿಸಿದ ಪಾಲ್ ಪದ್ಧತಿ. ಅಮೆರಿಕದ ಪದ್ಧತಿಯಲ್ಲಿ ಮುಖ ಒಮ್ಮೆ ಹಸುರು ಒಮ್ಮೆ ನೇರಳೆ ಆಗುವ ದೋಷವನ್ನು ಇದು ತಾನೇ ತಿದ್ದಿಕೊಳ್ಳುತ್ತದೆ. ಆದಕಾರಣ ಅಲ್ಲಿಯ ಪೆಟ್ಟಿಗೆ ಇಲ್ಲಿ ಹಾಗೆಯೇ ನಡೆಯದು. ಮೇಲಾಗಿ ಅದು ೧೧೭ ವೋಲ್ಟಿನದು, ನಮ್ಮ ಗೋಡೆಯಲ್ಲಿರುವುದು ೨೩೦. ಅದನ್ನು ತರಿಸುವ ಗೋಜು ನಮಗೆ ಬೇಡ. ನಮ್ಮವೇ ಡಯನೋರಾ, ಸಾಲಿಡೇರ್, ಕೆಲ್ಟ್ರಾನ್, ಅಪ್ಟ್ರಾನ್, ಬಿ.ಪಿ.ಎಲ್., ಒನಿಡಾ, ಹೈದರಾಬಾದಿನ ಇ.ಸಿ. ಇವು ಇದ್ದವಲ್ಲ! ಎಳೆಯುವ ಮರದ ಬಾಗಿಲು, ಅದಕ್ಕೊಂದು ಬೀಗ, ಮೇಲೆ ಕಸೂತಿಯ ಬಟ್ಟೆ. ಕಟ್ಟಡಕ್ಕೆ ಒಂದು ಪೆಟ್ಟಿಗೆಯಿದ್ದು, ಭಾನುವಾರದ ಸಿನಿಮಾಕ್ಕೆ ಮಹಡಿ ಮಹಡಿಯ ಮಕ್ಕಳು ಬಂದು ನೆಲದ ಮೇಲೆ ಕೂರುತ್ತಿದ್ದ ಕಾಲ. ಅವು ಈಗ ಗುಜರಿಗೆ ಹೋಗುತ್ತಿವೆ. ಗುಜರಿಯವನಿಗೆ ಬೇಕಾದುದು ಟ್ಯೂಬಿನ ಕೊರಳಿನಲ್ಲಿ ಸುತ್ತಿರುವ ತಾಮ್ರದ ತಂತಿ. ಸುತ್ತಿಗೆಯಿಂದ ಕೊರಳು ಮುರಿದು ತಾಮ್ರ ಕಿತ್ತುಕೊಳ್ಳುತ್ತಾನೆ. ಸೀಸ ಬೆರೆತ ಗಾಜು ಚರಂಡಿಯ ಬದಿಗೆ ಬೀಳುತ್ತದೆ. ನಾಲ್ಕು ಕಾಸಿಗಾಗಿ ದುಡಿಯುವ ಅವನನ್ನು ದೂರಿ ಫಲವಿಲ್ಲ.

ನಮ್ಮ ಖೋಲಿಗಳಲ್ಲಿ ಇವಕ್ಕೆ ಜಾಗವಿಲ್ಲ ಎಂಬುದನ್ನು ನಾವು ಬಲ್ಲೆವು. ಆದರೆ ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲೋ, ಚೆನ್ನೈನ ರಿಚೀ ಸ್ಟ್ರೀಟಿನಲ್ಲೋ, ದೆಹಲಿಯ ಲಾಜಪತ್ ರಾಯ್ ಮಾರ್ಕೆಟಿನಲ್ಲೋ ಕೆಲಸ ಮಾಡಿ ಇಂಥ ಪೆಟ್ಟಿಗೆಗಳನ್ನು ಬಿಚ್ಚಿ ಕೂಡಿಸಿದವರು ನಮ್ಮ ವಾಚಕರಲ್ಲಿ ಇರಬಹುದು. ಯಾವ ವರ್ಷದ ಯಾವ ಮಾಡೆಲಿನಲ್ಲಿ ಏನು ಕೆಡುತ್ತಿತ್ತು, ಬದಲಿ ಭಾಗ ಸಿಗದಾಗ ಏನು ಹಾಕಿ ನಡೆಸುತ್ತಿದ್ದಿರಿ ಎಂಬುದನ್ನು ಎರಡು ಹಾಳೆ ಬರೆದುಕೊಡಿ, ಅಕ್ಷರ ಅಂದವಾಗಿರಬೇಕಿಲ್ಲ. ಮನೆಯ ಹಳೆಯ ಪೆಟ್ಟಿಗೆಯನ್ನು ಗುಜರಿಗೆ ಕೊಡುವವರಿದ್ದರೆ, ಕೊಡುವ ಮೊದಲು ಹಿಂಬದಿಯ ಮಾಡೆಲ್ ನಂಬರನ್ನು ಬರೆದುಕೊಂಡು ಒಂದು ಫೋಟೊ ತೆಗೆದಿರಿ. ಪೆಟ್ಟಿಗೆಯ ಜೊತೆ ಬಂದ ಸರ್ಕ್ಯೂಟಿನ ಹಾಳೆ ಟ್ರಂಕಿನಲ್ಲೆಲ್ಲಾದರೂ ಉಳಿದಿದ್ದರೆ ವಾಚನಾಲಯದ ಮೇಜಿಗೆ ತಂದುಕೊಡಿ. ನಕಲು ತೆಗೆದುಕೊಂಡು ವಾರದೊಳಗೆ ಹಿಂದಿರುಗಿಸುತ್ತೇವೆ.