ಕೀಲುನೋವಿನ ಕೈಗೆ ಒಪ್ಪುವ ಮಡಿಸುವ ಚಾಕು

ಹಗರೆ, ಹಳೇಬೀಡು, ಬೇಲೂರು ಸೀಮೆಯ ಹೊಲಗಳಲ್ಲಿಯೂ, ಅರಸೀಕೆರೆಯ ಕಡೆಯ ತೆಂಗಿನ ತೋಟಗಳಲ್ಲಿಯೂ ಬೇಸಾಯ ಮಾಡತಕ್ಕ ಯಜಮಾನರು ಸೊಂಟದ ಸಂಚಿಯಲ್ಲಾಗಲಿ ಅಂಗಿಯ ಜೇಬಿನಲ್ಲಾಗಲಿ ಒಂದು ಮಡಿಸುವ ಚಾಕುವನ್ನು ಇಟ್ಟುಕೊಳ್ಳುವುದುಂಟು. ಗೊಬ್ಬರದ ಚೀಲದ ಹುರಿಯನ್ನು ಕತ್ತರಿಸುವುದು, ಬಾಳೆಯ ಒಣ ಎಲೆಯನ್ನು ಸವರುವುದು, ಬಳ್ಳಿ ಕಟ್ಟುವುದಕ್ಕೆ ನಾರನ್ನು ಸೀಳುವುದು, ಕಸಿಗೆ ಕಡ್ಡಿಯನ್ನು ಕೊಯ್ಯುವುದು, ಇವೆಲ್ಲವೂ ಅದರಿಂದಲೇ ನಡೆಯತಕ್ಕ ಕೆಲಸಗಳು. ಇವುಗಳಲ್ಲಿ ಯಾವುದಾದರೂ ಒಂದು ಗಳಿಗೆ ತಡವಾದರೆ ನಷ್ಟವೇನೂ ಇಲ್ಲ. ಆದರೆ ಗೊಂತಿನಲ್ಲಿ ಕಟ್ಟಿದ ಎತ್ತಿನ ಕೊರಳಿಗೆ ಹಗ್ಗವು ಸುತ್ತಿಕೊಂಡು ಉರುಲಾದಾಗ ಜೇಬಿನ ಚಾಕುವು ಆ ಕ್ಷಣವೇ ತೆರೆಯಬೇಕು. ಅದು ತೆರೆಯದೆ ಹೋದರೆ ಇದ್ದರೂ ಇಲ್ಲದಂತೆಯೇ.

ನೇಗಿಲನ್ನು ಕೊಳ್ಳುವಾಗ ತನ್ನ ಎತ್ತುಗಳ ಬಲಕ್ಕೆ ತಕ್ಕುದೇ ಎಂದು ನೂರು ಸಲ ವಿಚಾರಿಸುವ ರೈತನು, ಚಾಕುವನ್ನು ಕೊಳ್ಳುವಾಗ ಅಲಗಿನ ಹೊಳಪನ್ನೂ ಬೆಲೆಯನ್ನೂ ನೋಡುತ್ತಾನೆಯೇ ಹೊರತು ತನ್ನ ಕೈಯ ಬಲವನ್ನು ನೋಡುವುದಿಲ್ಲ. ಮೂವತ್ತು ವರ್ಷದ ಕೈಗೆ ಇದರಿಂದ ಬಾಧಕವಿಲ್ಲ. ಅರುವತ್ತು ದಾಟಿ ಗೆಣ್ಣುಗಳು ಊದಿಕೊಂಡ ಕೈಗೆ ಅದೇ ಚಾಕುವು ತೆರೆಯದ ಪೆಟ್ಟಿಗೆಯಂತಾಗುತ್ತದೆ. ಆಗ ಕೆಲವರು ಅಲಗನ್ನು ಹಲ್ಲಿನಿಂದ ಕಚ್ಚಿ ಎಳೆಯುತ್ತಾರೆ. ಕೆಲವರು ಮೊಮ್ಮಕ್ಕಳ ಕೈಗೆ ಕೊಟ್ಟು ತೆರೆಯಿಸುತ್ತಾರೆ. ಮತ್ತೆ ಕೆಲವರು ಮಡಿಸುವ ಗೋಜೇ ಬೇಡವೆಂದು ತೆರೆದ ಚಾಕುವನ್ನೇ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುತ್ತಾರೆ. ಈ ಮೂರರಲ್ಲಿ ಯಾವುದು ಹೆಚ್ಚು ಅಪಾಯವೆಂದು ಹೇಳುವುದು ಕಷ್ಟ.

ನೋವು ಎಲ್ಲಿ ಹುಟ್ಟುತ್ತದೆ

ಕೀಲುಗಳ ನಡುವಣ ಮೆದುವಾದ ಎಲುಬು ವಯಸ್ಸಿನಿಂದ ಸವೆದು ಬರುವ ನೋವು ಒಂದು ಬಗೆ. ಕೈಯಲ್ಲಿ ಅದು ಹೆಚ್ಚಾಗಿ ಹೆಬ್ಬೆರಳಿನ ಬುಡದಲ್ಲಿಯೂ ಬೆರಳುಗಳ ನಡುವಿನ ಮತ್ತು ತುದಿಯ ಗೆಣ್ಣುಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ಬೆಳಗ್ಗೆ ಎದ್ದಾಗ ಇರುವ ಬಿಗಿತವು ಇದರಲ್ಲಿ ಸಾಧಾರಣವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಎರಡೂ ಕೈಗಳ ಗೆಣ್ಣುಗಳೂ ಮಣಿಕಟ್ಟುಗಳೂ ಒಟ್ಟಿಗೆ ಊದಿಕೊಂಡು, ಬೆಳಗಿನ ಬಿಗಿತವು ಒಂದು ಗಂಟೆಯನ್ನು ಮೀರಿ ನಿಲ್ಲುವುದಾದರೆ ಅದು ಬೇರೆ ಬಗೆಯ ವಾತವಾಗಿರಬಹುದು. ಅದು ಮುದುಕರಿಗೆ ಮಾತ್ರ ಬರತಕ್ಕುದಲ್ಲ. ನಡುವಯಸ್ಸಿನವರಿಗೂ, ಅದರಲ್ಲಿ ಹೆಂಗಸರಿಗೆ ಹೆಚ್ಚಾಗಿಯೂ ಬರುತ್ತದೆ. ಮೊದಲಲ್ಲಿಯೇ ಔಷಧವಾದರೆ ಕೀಲು ಉಳಿಯುತ್ತದೆ, ತಡವಾದರೆ ಕೆಡುತ್ತದೆ. ಅಂಥವರು ಚಾಕುವನ್ನು ಬದಲಾಯಿಸುವ ಮುಂಚೆ ಆಸ್ಪತ್ರೆಗೆ ಹೋಗತಕ್ಕದ್ದು.

ಚಾಕುವಿನ ವಿಷಯದಲ್ಲಿ ತಿಳಿದಿರಬೇಕಾದ ಮುಖ್ಯ ಸಂಗತಿಯು ಚಿವುಟುವ ಹಿಡಿತಕ್ಕೂ ಮುಷ್ಟಿಯ ಹಿಡಿತಕ್ಕೂ ಇರುವ ಭೇದ. ಹೆಬ್ಬೆರಳ ತುದಿಯಿಂದಲೂ ತೋರುಬೆರಳ ತುದಿಯಿಂದಲೂ ಒಂದು ಕಿಲೋಗ್ರಾಮಿನಷ್ಟು ಬಲವಾಗಿ ಚಿವುಟಿದರೆ, ಹೆಬ್ಬೆರಳಿನ ಬುಡದ ಕೀಲಿನ ಮೇಲೆ ಸುಮಾರು 12 ಕಿಲೋಗ್ರಾಮಿನ ಒತ್ತಡವು ಬೀಳುತ್ತದೆಂದು 1977ರಲ್ಲಿ ಅಮೆರಿಕದ ಪರಿಶೋಧಕರು ಲೆಕ್ಕ ಹಾಕಿ ಪ್ರಕಟಿಸಿದರು. ಸವೆದ ಕೀಲು ಕೂಗಿಕೊಳ್ಳುವುದು ಇದರಿಂದಲೇ. ಇಡೀ ಅಂಗೈ ಮತ್ತು ಎಲ್ಲಾ ಬೆರಳುಗಳೂ ಸೇರಿ ಹಿಡಿದಾಗ ಭಾರವು ಹಂಚಿಹೋಗುವುದರಿಂದ ಅದೇ ಕೈ ಎಷ್ಟೋ ಹೆಚ್ಚಿನ ಕೆಲಸವನ್ನು ಸಹಿಸುತ್ತದೆ. ಮನೆಯ ಅಡಕತ್ತರಿಯನ್ನು ನೋಡಿದರೆ ಈ ಮಾತು ಸ್ಪಷ್ಟವಾಗುವುದು. ಚಾಕು ತೆರೆಯಲಾರದ ಅಜ್ಜಿಯು ಕಲ್ಲಿನಂಥ ಅಡಿಕೆಯನ್ನು ಅಡಕತ್ತರಿಯಲ್ಲಿ ಸಲೀಸಾಗಿ ಹೋಳು ಮಾಡುತ್ತಾಳೆ. ಅಡಕತ್ತರಿಯು ಉಗುರನ್ನು ಕೇಳುವುದಿಲ್ಲ, ಮುಷ್ಟಿಯನ್ನು ಕೇಳುತ್ತದೆ.

ಅಂಗಡಿಯಲ್ಲಿ ದೊರೆಯುವ ಬಗೆಗಳು

ಪೇಟೆಯಲ್ಲಿ ಅಗ್ಗವಾಗಿ ಸಿಕ್ಕುವ ಹಳೆಯ ಮಾದರಿಯ ಚಾಕುವಿನಲ್ಲಿ ಹಿಡಿಯ ಬೆನ್ನಿಗೆ ಒಂದು ಉಕ್ಕಿನ ಕಮಾನು ಇರುತ್ತದೆ. ಮಡಿಸಿದ ಅಲಗನ್ನು ಈ ಕಮಾನು ಒತ್ತಿಕೊಂಡಿರುವುದರಿಂದ, ಅಲಗಿನ ಮೇಲಿರುವ ಸಣ್ಣ ಗೀರಿಗೆ ಉಗುರನ್ನು ಸಿಕ್ಕಿಸಿ ಎಳೆಯಬೇಕು. ಎಲ್ಲಕ್ಕಿಂತ ಹೆಚ್ಚಿನ ಬಲ ಬೇಕಾಗುವುದು ಎಳೆಯಲು ಆರಂಭಿಸಿದ ಕ್ಷಣದಲ್ಲಿಯೇ. ಮಣ್ಣಿನ ಕೆಲಸದಲ್ಲಿ ಉಗುರು ಸವೆದವನಿಗೆ ಗೀರು ಸಿಕ್ಕುವುದೇ ಇಲ್ಲ. ಸಿಕ್ಕಿದರೂ ಪೂರಾ ಚಿವುಟುವ ಹಿಡಿತ. ಆದಕಾರಣ ಕೀಲುನೋವುಳ್ಳವರು ಈ ಜಾತಿಯ ಚಾಕುವನ್ನು, ಎಷ್ಟೇ ಚೆನ್ನಾದ ಅಲಗಿದ್ದರೂ, ಹೊಸದಾಗಿ ಕೊಳ್ಳದಿರುವುದು ಲೇಸು.

ಫ್ರಾನ್ಸ್ ದೇಶದ ಸವಾಯ್ ಎಂಬ ಬೆಟ್ಟದ ಸೀಮೆಯಲ್ಲಿ ಜೋಸೆಫ್ ಒಪಿನೆಲ್ ಎಂಬಾತನು 1890ರಲ್ಲಿ ಕಲ್ಪಿಸಿದ ಮರದ ಹಿಡಿಯ ಚಾಕುವು ಅಲ್ಲಿನ ರೈತರ ಚಾಕುವೆಂದೇ ಪ್ರಸಿದ್ಧವಾಯಿತು. ಅದರಲ್ಲಿ ಕಮಾನು ಇಲ್ಲ. 1955ರಿಂದ ಈಚೆಗೆ ಅಲಗು ತಾನಾಗಿ ಮಡಿಯದಂತೆ ತಡೆಯುವ ತಿರುಗುವ ಬಳೆಯೊಂದನ್ನು ಸೇರಿಸಿದ್ದಾರೆ. ಹಗುರವಾದುದು, ಹರಿತವಾದುದು, ಹಿಡಿಯು ದುಂಡಾಗಿ ಅಂಗೈ ತುಂಬುತ್ತದೆ. ಆದರೆ ಆ ಬಳೆಯನ್ನು ತಿರುಗಿಸುವುದಕ್ಕೂ ಬೆರಳ ತುದಿಗಳೇ ಬೇಕು. ಮೇಲಾಗಿ ಮರದ ಹಿಡಿಯು ತೇವದಲ್ಲಿ ಉಬ್ಬಿ ಅಲಗನ್ನು ಬಿಗಿಹಿಡಿಯುವುದುಂಟು. ಅರಸೀಕೆರೆಯ ಒಣಸೀಮೆಯಲ್ಲಿ ಇದು ಅಷ್ಟಾಗಿ ಬಾಧಿಸದು. ಬೇಲೂರಿನಿಂದ ಪಡುವಲಿಗೆ ಆಷಾಢದ ಮಳೆಯಲ್ಲಿ ಕೆಲಸ ಮಾಡುವವರು ಯೋಚಿಸಿ ಕೊಳ್ಳಬೇಕು.

ಜಪಾನಿನ ಮಿಕಿ ಪಟ್ಟಣದ ಕಮ್ಮಾರರು ಮಾಡುವ ಹಿಗೊನೊಕಾಮಿ ಎಂಬ ಚಾಕುವಿನಲ್ಲಿ ಅಲಗಿನ ಬುಡವು ಒಂದು ಬಾಲದಂತೆ ಹಿಡಿಯ ಹೊರಗೆ ಚಾಚಿಕೊಂಡಿರುತ್ತದೆ. ಆ ಬಾಲವನ್ನು ಹೆಬ್ಬೆರಳ ಮೆತ್ತೆಯಿಂದ ಒತ್ತಿದರೂ ಸರಿ, ಗಾಡಿಯ ಮರಕ್ಕೆ ಊರಿ ಒತ್ತಿದರೂ ಸರಿ, ಅಲಗು ಹೊರಬರುತ್ತದೆ. ಉಪಾಯವು ಸರಳವಾದುದು, ಊರಿನ ಕಮ್ಮಾರನಿಗೆ ಒಂದು ಸಲ ತೋರಿಸಿದರೆ ಸಾಕು. ಅದರ ಕೊರತೆಯೆಂದರೆ ಕೊಯ್ಯುವಾಗ ಅಲಗು ಹಿಂದಕ್ಕೆ ಮಡಿಯದಂತೆ ಹೆಬ್ಬೆರಳು ಬಾಲವನ್ನು ಅದುಮಿಕೊಂಡೇ ಇರಬೇಕು. ಹುರಿ ಕತ್ತರಿಸುವ ಕೆಲಸಕ್ಕೆ ಇದು ಸಾಲುವುದು, ಬಹಳ ಹೊತ್ತಿನ ಕೆಲಸಕ್ಕೆ ಆಗದು.

ನೋಯುವ ಕೈಗೆ ಸಾಧಾರಣವಾಗಿ ಎಲ್ಲಕ್ಕಿಂತ ಹೆಚ್ಚು ಒಪ್ಪುವುದು ಅಲಗಿನಲ್ಲಿಯೇ ದುಂಡಾದ ದೊಡ್ಡ ರಂಧ್ರವುಳ್ಳ ಚಾಕು. ಅಮೆರಿಕದ ಸ್ಪೈಡರ್ಕೋ ಕಂಪನಿಯವರು 1981ರಲ್ಲಿ ಬಳಕೆಗೆ ತಂದ ಈ ಮಾದರಿಯಲ್ಲಿ ಹೆಬ್ಬೆರಳ ಮೆತ್ತೆಯು ರಂಧ್ರದಲ್ಲಿ ಕುಳಿತು ಅಲಗನ್ನು ತಳ್ಳುತ್ತದೆ, ಉಗುರಿನ ಕೆಲಸವಿಲ್ಲ. ರಂಧ್ರವು 12 ಮಿಲಿಮೀಟರಿಗೆ ಕಡಿಮೆಯಾಗಿರಬಾರದು. ಹೆಬ್ಬೆರಳಿನ ಬುಡದಲ್ಲಿಯೇ ನೋವಿರುವವರು ಒಂದೇ ಕೈಯಲ್ಲಿ ತೆರೆಯುವ ಚಮತ್ಕಾರವನ್ನು ಬಿಟ್ಟು, ಒಂದು ಕೈಯಲ್ಲಿ ಹಿಡಿಯನ್ನು ಮುಷ್ಟಿ ಹಿಡಿದು, ಇನ್ನೊಂದು ಕೈಯ ಬೆರಳ ಮೆತ್ತೆಯನ್ನು ರಂಧ್ರಕ್ಕೆ ಒತ್ತಿ ತೋಳಿನಿಂದ ಸರಿಸುವುದು ಹಿತ. ರಂಧ್ರದ ಬದಲು ಸಣ್ಣ ಗುಬುಟನ್ನು ಇಟ್ಟ ಚಾಕುಗಳೂ ಉಂಟು. ಗುಬುಟು ನೋಯುವ ಬೆರಳನ್ನು ಚುಚ್ಚುತ್ತದೆ, ರಂಧ್ರವೇ ಮೇಲು.

ಗುಂಡಿ ಒತ್ತಿದೊಡನೆ ಹಾರಿ ತೆರೆಯುವ ಚಾಕುವು ಇಂಥವರಿಗೆ ವರವೆಂದು ಅಂಗಡಿಯವನು ಹೇಳಬಹುದು. ರೈತರು ಅದರ ಗೊಡವೆಗೆ ಹೋಗದಿರುವುದು ಒಳ್ಳೆಯದು. ಜೇಬಿನಲ್ಲಿ ಗುಂಡಿಯು ಒತ್ತಿಕೊಂಡು ತೊಡೆಗೆ ಗಾಯವಾದೀತು. ಜಾತ್ರೆ ಸಂತೆಗಳಲ್ಲಿ ಪೊಲೀಸಿನವರಿಗೆ ಸಮಾಧಾನ ಹೇಳುವ ಪ್ರಸಂಗವೂ ಬಂದೀತು. 1959ರ ಆಯುಧಗಳ ಕಾಯಿದೆಗೆ ಸೇರಿದ ನಿಯಮಗಳು 9 ಅಂಗುಲಕ್ಕಿಂತ ಉದ್ದವಾದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗುಗಳನ್ನು ಆಯುಧಗಳೆಂದು ಎಣಿಸಿ, ಮನೆವಾರ್ತೆಗೂ ಬೇಸಾಯಕ್ಕೂ ಮಾಡಿದವುಗಳನ್ನು ಬಿಟ್ಟಿವೆ. ಜೇಬಿನ ಚಾಕುವಿಗೆ 3 ಅಂಗುಲದ ಅಲಗು ಧಾರಾಳವಾಗಿ ಸಾಕು.

ಮುಚ್ಚುವುದನ್ನೂ ನೋಡಿ ಕೊಳ್ಳತಕ್ಕದ್ದು

ತೆರೆಯುವುದನ್ನು ಪರೀಕ್ಷಿಸಿ ಮುಚ್ಚುವುದನ್ನು ಮರೆಯುವವರೇ ಬಹಳ; ಮಡಿಸುವ ಚಾಕುವಿನಲ್ಲಿ ಬೆರಳು ಕೊಯ್ದುಕೊಳ್ಳುವುದಾದರೋ ಮುಚ್ಚುವಾಗಲೂ ಉಂಟು. ಕೆಲವು ಚಾಕುಗಳಲ್ಲಿ ಹಿಡಿಯ ಒಳಗಿನ ತಗಡೊಂದು ಅಲಗಿಗೆ ಅಡ್ಡವಾಗಿ ನಿಲ್ಲುತ್ತದೆ. ಅದನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿ ಹಿಡಿದಿರುವಾಗಲೇ ಅಲಗು ಆ ಬೆರಳಿನ ದಾರಿಯಲ್ಲಿಯೇ ಇಳಿಯುತ್ತದೆ. ಚುರುಕಾಗಿ ಹಿಂದೆಗೆಯಲಾರದ ಬೆರಳಿಗೆ ಇದು ತಕ್ಕುದಲ್ಲ. ಹಿಡಿಯ ಬೆನ್ನಿನಲ್ಲಿ ಒತ್ತುವ ತಡೆಯುಳ್ಳ ಚಾಕುವಿನಲ್ಲಿ ಬೆರಳುಗಳು ಅಲಗಿನ ದಾರಿಯಿಂದ ಹೊರಗಿದ್ದರೂ ಒತ್ತುವುದಕ್ಕೆ ಬಲ ಹೆಚ್ಚು ಬೇಕು. ಇದನ್ನು ಎರಡೂ ಹೆಬ್ಬೆರಳುಗಳಿಂದ ಒತ್ತಿ, ಅಲಗಿನ ಬೆನ್ನನ್ನು ಕಂಬಕ್ಕೆ ಆನಿಸಿ ಮಡಿಸಬಹುದು. ಹಿಡಿಯ ಎರಡೂ ಪಕ್ಕಗಳಲ್ಲಿ ಹಿಂದಕ್ಕೆ ಸರಿಯುವ ಅಡ್ಡಸಲಾಕೆಯುಳ್ಳ ಚಾಕುವು ಇವೆರಡಕ್ಕಿಂತ ಮೇಲು, ಬೆಲೆಯೂ ಹೆಚ್ಚು.

ಪರೀಕ್ಷೆಗೆ ತಕ್ಕ ಹೊತ್ತು ಬೆಳಗ್ಗೆ, ಕೈಯಿನ್ನೂ ಬಿಗಿಯಾಗಿರುವಾಗ. ಮಧ್ಯಾಹ್ನದ ಬಿಸಿಲಿನಲ್ಲಿ ಸಡಿಲವಾದ ಕೈಗೆ ಎಲ್ಲಾ ಚಾಕುಗಳೂ ಒಳ್ಳೆಯವಾಗಿಯೇ ತೋರುತ್ತವೆ. ಕೊಳ್ಳುವವನೇ ತನ್ನ ಕೈಯಿಂದ ಹತ್ತು ಸಲ ತೆರೆದು ಹತ್ತು ಸಲ ಮುಚ್ಚಿ ನೋಡಬೇಕು. ಪಟ್ಟಣದಲ್ಲಿರುವ ಮಗನು ತನ್ನ ಕೈಗೆ ಸುಲಭವೆಂದು ತಂದುಕೊಟ್ಟ ಚಾಕುವು ತಂದೆಯ ಪೆಟ್ಟಿಗೆಯಲ್ಲಿ ತುಕ್ಕು ಹಿಡಿಯುವುದು ಎಷ್ಟೋ ಮನೆಗಳಲ್ಲಿ ಕಾಣುವ ಸಂಗತಿ. ಅಂಗಡಿಯವನು ಅನುಮತಿಸಿದರೆ ಕೈಯನ್ನು ಒದ್ದೆ ಮಾಡಿಕೊಂಡು ಮತ್ತೊಮ್ಮೆ ಪ್ರಯತ್ನಿಸತಕ್ಕದ್ದು.

ಹಳೆಯ ಚಾಕುವನ್ನೇ ಸರಿಮಾಡುವ ವಿಧಾನ

ಹೊಸದಕ್ಕೆ ಹಣ ಹಾಕಲು ಮನಸ್ಸಿಲ್ಲದವರು ಗೀರಿನ ಚಾಕುವನ್ನೇ ಸುಧಾರಿಸಿಕೊಳ್ಳಬಹುದು. ಅಲಗಿಗೆ ರಂಧ್ರ ಕೊರೆಯಿಸುವ ಯೋಚನೆ ಬೇಡ. ಹದ ಕೊಟ್ಟ ಉಕ್ಕಿನಲ್ಲಿ ಸಾಧಾರಣ ಬೈರಿಗೆ ಇಳಿಯುವುದಿಲ್ಲ, ಕಾಯಿಸಿ ಕೊರೆದರೆ ಹದವೇ ಹೋಗುತ್ತದೆ. ಅದರ ಬದಲು ಮಡಿಸಿದ ಅಲಗಿನ ಬೆನ್ನು ಕಾಣುವ ಕಡೆಯಲ್ಲಿ, ಹಿಡಿಯ ಎರಡೂ ಪಕ್ಕಗಳನ್ನು ಅರದಿಂದ ಅರ್ಧಚಂದ್ರಾಕಾರವಾಗಿ ತಗ್ಗು ಮಾಡಿಸತಕ್ಕದ್ದು. ಆಗ ಅಲಗಿನ ಎರಡು ಮೈಗಳೂ ಹೊರಗೆ ಕಂಡು, ಉಗುರಿಲ್ಲದೆ ಹೆಬ್ಬೆರಳಿಗೂ ಬಾಗಿಸಿದ ತೋರುಬೆರಳಿನ ಪಕ್ಕಕ್ಕೂ ನಡುವೆ ಅಲಗನ್ನು ಹಿಡಿದು ಎಳೆಯಲು ಬರುತ್ತದೆ. ತಗ್ಗು ಅಲಗಿನ ಅರ್ಧ ಅಗಲವನ್ನು ಮೀರಬಾರದು. ಮೀರಿದರೆ ಹರಿತವಾದ ಬಾಯಿಯೇ ಹೊರಗೆ ಬಂದೀತು.

ಹಿಡಿಯು ತೆಳುವಾಗಿದ್ದರೆ ಬೆರಳುಗಳು ಪೂರಾ ಮಡಿಚಿ ಬಿಗಿಯಬೇಕಾಗಿ ನೋವು ಹೆಚ್ಚುತ್ತದೆ. ಸೈಕಲ್ಲಿನ ಹಳೆಯ ಟ್ಯೂಬಿನ ಪಟ್ಟಿಯನ್ನು, ಅಲಗು ಕೂರುವ ಸೀಳು ಮುಚ್ಚಿಹೋಗದಂತೆ, ಹಿಡಿಯ ಎರಡು ಪಕ್ಕಗಳಿಗೂ ಮಡಿಕೆಯಾಗಿ ಅಂಟಿಸಿ ದಪ್ಪ ಮಾಡಿಕೊಳ್ಳಬಹುದು. ಸುಮಾರು 3 ಸೆಂಟಿಮೀಟರು ದಪ್ಪವಾದರೆ ಹಿಡಿತವು ಸುಖವಾಗಿರುತ್ತದೆ, ಕೈ ಬೆವರಿದರೂ ಜಾರುವುದಿಲ್ಲ.

ಅಲಗು ತಿರುಗುವ ಮೊಳೆಗೆ ಹೊಲಿಗೆಯ ಯಂತ್ರದ ಎಣ್ಣೆಯನ್ನು ಒಂದು ತೊಟ್ಟು ಬಿಡತಕ್ಕದ್ದು. ತೆಂಗಿನ ಸೀಮೆಯಾದ್ದರಿಂದ ಕೊಬ್ಬರಿಯೆಣ್ಣೆಯನ್ನೇ ಹಾಕುವ ಅಭ್ಯಾಸವು ಮನೆಮನೆಯಲ್ಲಿದೆ. ಆದರೆ ಕೊಬ್ಬರಿಯೆಣ್ಣೆಯು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಧನುರ್ಮಾಸದ ಬೆಳಗಿನಲ್ಲಿ, ಎಂದರೆ ಕೈಯೂ ಹೆಚ್ಚು ಬಿಗಿದಿರುವ ಹೊತ್ತಿನಲ್ಲಿಯೇ, ಚಾಕುವಿನ ಕೀಲೂ ಬಿಗಿದುಕೊಳ್ಳುತ್ತದೆ. ಅಲಗನ್ನು ಸಾಣೆಕಲ್ಲಿನ ಮೇಲೆ ಆಗಾಗ್ಗೆ ಮಸೆದಿಡುವುದೂ ಅಗತ್ಯ. ಮೊಂಡು ಚಾಕುವು ಕೊಯ್ಯುವ ಕೆಲಸವನ್ನು ಹೆಬ್ಬೆರಳಿನ ಮೇಲೆ ಹೊರಿಸುತ್ತದೆ.

ಬಿತ್ತನೆಯ ಗೆಡ್ಡೆ ಕೊಯ್ಯುವಾಗ

ಹಾಸನದ ಸೀಮೆಯಲ್ಲಿ ಮುಂಗಾರಿನ ಆಲೂಗೆಡ್ಡೆಗೆ ಬೀಜವು ಪಂಜಾಬಿನ ಜಲಂಧರಿನಿಂದ ಬರುವುದು ಬಹುಕಾಲದ ರೂಢಿ. ದೊಡ್ಡ ಗೆಡ್ಡೆಗಳನ್ನು ಎರಡು ಮೂರು ಕಣ್ಣುಗಳು ಉಳಿಯುವಂತೆ, ಒಂದೊಂದು ಹೋಳು ಸುಮಾರು 40 ಗ್ರಾಂ ತೂಗುವಂತೆ ಕೊಯ್ಯುವ ಕೆಲಸವು ಮನೆಯ ಹಿರಿಯರ ಪಾಲಿಗೆ ಬರುತ್ತದೆ. ಕಣ್ಣನ್ನು ನೋಡಿ ಕೊಯ್ಯುವುದಕ್ಕೆ ಅನುಭವ ಬೇಕು. ಜೇಬಿನ ಚಾಕುವನ್ನು ಈ ಕೆಲಸಕ್ಕೆ ಹಚ್ಚುವುದು ಎರಡು ವಿಧದಲ್ಲಿ ತಪ್ಪು. ರಸವೂ ಮಣ್ಣೂ ಹಿಡಿಯ ಸೀಳಿನಲ್ಲಿ ಸೇರಿ ಅಲಗನ್ನು ಬಿಗಿಮಾಡುತ್ತವೆ. ರೋಗವಿರುವ ಒಂದು ಗೆಡ್ಡೆಯಿಂದ ಸೊರಗುರೋಗದ ದುಂಡಾಣುಗಳು ಅಲಗಿನ ಮೂಲಕವೇ ಮುಂದಿನ ಗೆಡ್ಡೆಗಳಿಗೆ ಹರಡುತ್ತವೆ. ಮಡಿಸುವ ಚಾಕುವಿನ ಸೀಳನ್ನು ಶುದ್ಧಿ ಮಾಡುವುದಂತೂ ಅಸಾಧ್ಯ.

ಇದಕ್ಕೆ ಮನೆಯ ಈಳಿಗೆಮಣೆಯನ್ನು ಮೀರಿದ ಸಾಧನವಿಲ್ಲ. ಅಲಗು ಸ್ಥಿರವಾಗಿ ನಿಂತಿರುವುದರಿಂದ ಚಾಕು ಹಿಡಿಯುವ ಶ್ರಮವೇ ಇಲ್ಲ. ಎರಡೂ ಅಂಗೈಗಳಿಂದ ಗೆಡ್ಡೆಯನ್ನು ಒತ್ತಿದರೆ ಹೋಳಾಗುತ್ತದೆ. ನೆಲದ ಮೇಲೆ ಕೂರಲಾರದವರು ಮಣೆಯನ್ನು ಗಟ್ಟಿಯಾದ ಬೆಂಚಿಗೆ ಬಿಗಿಸಿ, ಎದುರಿಗೆ ಕುಳಿತು ಕೊಯ್ಯಬಹುದು. ಬಿತ್ತನೆಯ ಕೆಲಸಕ್ಕೆ ಬೇರೆ ಮಣೆಯನ್ನೇ ಇಟ್ಟುಕೊಂಡು, ತೋಟಗಾರಿಕೆಯ ಇಲಾಖೆಯವರು ಹೇಳುವ ಔಷಧದ ದ್ರಾವಣದಲ್ಲಿ ಅದ್ದಿದ ಬಟ್ಟೆಯಿಂದ ಅಲಗಿನ ಬೆನ್ನಿನ ಕಡೆಯಿಂದ ಆಗಾಗ್ಗೆ ಒರೆಸುತ್ತಿರಬೇಕು. ಒಳಗೆ ಕಂದುಬಳೆ ಕಂಡ ಗೆಡ್ಡೆಯನ್ನು ಬೇರೆ ಹಾಕಿ, ಅಲಗನ್ನು ತೊಳೆಯದೆ ಮುಂದಿನದನ್ನು ಮುಟ್ಟಬಾರದು.

ಇಷ್ಟಾದರೂ ಮಡಿಸುವ ಚಾಕುವು ಯಾವ ವಿಧದಲ್ಲಿಯೂ ಕೈಗೆ ಬಗ್ಗದಿದ್ದರೆ, 3 ಅಂಗುಲದ ಮಡಿಸದ ಚಾಕುವನ್ನು ದಪ್ಪ ತೊಗಲಿನ ಒರೆಯಲ್ಲಿಟ್ಟು ಸೊಂಟಕ್ಕೆ ಕಟ್ಟಿಕೊಳ್ಳಬಹುದು. ಒರೆಯು ಅಲಗಿನ ತುದಿಯವರೆಗೂ ಹೊಲಿದಿರಬೇಕು. ಬಗ್ಗಿದಾಗ ಚಾಕು ಜಾರದಂತೆ ಮೇಲೊಂದು ಪಟ್ಟಿ ಇರಬೇಕು. ಆ ಪಟ್ಟಿಗೆ ಒತ್ತುಗುಂಡಿಯನ್ನು ಹಾಕಿಸಿದರೆ ಮತ್ತೆ ಚಿವುಟುವ ಕೆಲಸವೇ ಬಂದಿತು, ಕುಣಿಕೆಯೇ ಸಾಕು. ಬಿಗಿದ ಬೆರಳುಗಳಿಂದ ಸಾಮಾನು ಜಾರಿ ಬೀಳುವುದು ಸಹಜವಾದುದರಿಂದ ಯಾವ ಚಾಕುವೇ ಆಗಲಿ ಹಿಡಿಗೆ ಕೆಂಪು ಬಟ್ಟೆಯ ಚೂರೊಂದನ್ನು ಕಟ್ಟಿಡಬೇಕು. ರಾಗಿಯ ಹುಲ್ಲಿನಲ್ಲಿ ಬಿದ್ದ ಚಾಕುವು ಕಣ್ಣಿಗೆ ಬೀಳದೆ ಮೇವು ಕತ್ತರಿಸುವ ಯಂತ್ರದ ಬಾಯಿಗೆ ಹೋದರೆ ಯಂತ್ರದ ಅಲಗು ಮುರಿಯುವುದಲ್ಲದೆ ಮೇವು ಒಡ್ಡುವವನ ಮೈಗೂ ಚೂರು ಸಿಡಿದೀತು.